ನಮ್ಮ ಎರಡು ಸೋಲುಗಳನ್ನು ತಕ್ಕಡಿಗೆ ಹಾಕಿದ ಹಾಲ್ವರ್ಸನ್ ಸಾಹೇಬರಿಗೆ

ಮಾನ್ಯ ಬ್ರೆಂಟ್ ಹಾಲ್ವರ್ಸನ್ ಅವರೇ,

ತಮ್ಮ ಆರೋಗ್ಯ, ತಮ್ಮ ಕುಟುಂಬದವರ ಆರೋಗ್ಯ, ಹಾಗೂ ಟೀವಿ ದೀಪಗಳ ಕಾವಿನಲ್ಲೂ ಒಂದೆಳೆ ಅಲುಗಾಡದ ತಮ್ಮ ಕ್ರಾಪಿನ ಆರೋಗ್ಯ ಸದಾ ಚೆನ್ನಾಗಿರಲಿ ಎಂದು, ಈರಿ ಸರೋವರದ ದಡದ ಪೋರ್ಟ್ ಹ್ಯಾಲರನ್ ಊರಿನಿಂದ, ಹಿಮ ಕಿಟಕಿಯ ಕಟ್ಟೆಯವರೆಗೆ ಬಂದು ಒಳಗಿಣುಕುತ್ತಿರುವ ಈ ಹೊತ್ತಿನಲ್ಲಿ, ಮನಸಾರೆ ಹಾರೈಸುತ್ತೇನೆ. ತಮ್ಮ ಕಾರ್ಯಕ್ರಮದಲ್ಲಿ ತಾವು ನಮ್ಮೂರಿನ ಹೆಸರನ್ನು ಮೂರು ಬಗೆಯಲ್ಲಿ ಉಚ್ಚರಿಸಿದಿರಿ. ಮೂರೂ ತಪ್ಪಾಗಿದ್ದವು. ಆದರೂ ಅಷ್ಟು ದೊಡ್ಡವರ ಬಾಯಲ್ಲಿ ನಮ್ಮೂರು ಹೇಗೋ ಹೊರಳಾಡಿತಲ್ಲ ಎಂದು ನಾವೆಲ್ಲ ಧನ್ಯರಾದೆವು.

ನಾನು ಬರ್ನಡೀನ್ ಪಿಯೊಂಟೆಕ್. ಇಲ್ಲಿನ ಹೈಸ್ಕೂಲಿನ ಊಟದ ಮನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಚೆಂಡನ್ನು ಕೈಯಲ್ಲಿ ಅಪ್ಪಿಕೊಂಡು ಓಡುವ ನಮ್ಮ ಅಮೆರಿಕದ ಫುಟ್‌ಬಾಲಿನ ವಿಚಾರದಲ್ಲಿ ನನಗೆ ತಮ್ಮಷ್ಟು ಪಾಂಡಿತ್ಯವಿಲ್ಲ. ಅದು ಭಾನುವಾರ ಮಧ್ಯಾಹ್ನ ಪಕ್ಕದ ಕೋಣೆಯಿಂದ ಅಡುಗೆಮನೆಗೆ ಕೇಳಿಬರುವ ಗಂಡಸರ ನರಳಾಟ ಎಂದಷ್ಟೇ ಬಲ್ಲೆ. ಹೀಗಿರುವಾಗ ತಮ್ಮಂಥವರ ಮೇಲೆ ದೂರು ಬರೆಯುವುದು ಉದ್ಧಟತನವೇ ಸರಿ. ಆದರೆ ಈ ವರ್ಷದ ಫೈನಲಿಗೆ ಮುಂಚಿನ ಭಾನುವಾರ ತಾವು ನಡೆಸಿಕೊಟ್ಟ ‘ಸೋಲುಗಳ ಮಹಾ ಫೈನಲ್’ ಎಂಬ ಕಾರ್ಯಕ್ರಮದಿಂದ ನನ್ನ ಮನೆಯಲ್ಲಿ ಒಂದು ಅನಾಹುತವಾಗಿದೆ. ಅದನ್ನು ತಮ್ಮ ಗಮನಕ್ಕೆ ತರದಿದ್ದರೆ ತಮ್ಮ ಕೀರ್ತಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಲೀಗಿನ ಇತಿಹಾಸದಲ್ಲಿ ಅತ್ಯಂತ ಸಂಕಟದ ಫೈನಲ್ ಯಾವುದೆಂದು ತಾವು ಹುಡುಕಹೊರಟಿರಿ. ಬೇರೆ ಊರಿನವರೂ ಒಮ್ಮೊಮ್ಮೆ ಸೋಲುತ್ತಾರೆಂದು ನಾನು ಕೇಳಿದ್ದೇನೆ, ಆದರೆ ತಮ್ಮ ಕಂಪ್ಯೂಟರ್ ಎಲ್ಲರನ್ನೂ ಜಾಲಾಡಿ ಕಡೆಗೆ ಉಳಿಸಿಕೊಂಡ ಎರಡು ಫೈನಲುಗಳೂ ನಮ್ಮ ಸ್ಟೋಕರ್ಸ್ ತಂಡದವೇ ಆಗಿದ್ದವು. ನಮ್ಮ ತಂಡ ಫೈನಲ್ ತಲುಪಿದ್ದೇ ಆ ಎರಡು ಸಲ. ಮೊದಲನೆಯದರಲ್ಲಿ ಹತ್ತೊಂಬತ್ತು–ಇಪ್ಪತ್ತರಲ್ಲಿ ಸೋತೆವು, ಎರಡನೆಯದರಲ್ಲಿ ಮೂರು–ಐವತ್ತೊಂದರಲ್ಲಿ. ಇವೆರಡನ್ನೂ ತಾವು ‘ಸಂಕಟ ಸೂಚ್ಯಂಕ’ ಎಂಬ ತಕ್ಕಡಿಗೆ ಹಾಕಿ, ಮೊದಲನೆಯದಕ್ಕೆ ಹತ್ತರಲ್ಲಿ ಒಂಬತ್ತೂವರೆ, ಎರಡನೆಯದಕ್ಕೆ ಎರಡು ಅಂಕ ಕೊಟ್ಟು, “ಇಲ್ಲಿಗೆ ಈ ವಾದ ಶಾಶ್ವತವಾಗಿ ಮುಗಿಯಿತು” ಎಂದು ಮೇಜು ಕುಟ್ಟಿದಿರಿ.

ಮಾನ್ಯರೇ, ಆ ವಾದ ನಮ್ಮ ಮನೆಯದಾಗಿತ್ತು.

ನಮ್ಮದು ಈ ಕಡೆಯ ಎಲ್ಲ ಮನೆಗಳಂತೆ ಒಂದರ ಮೇಲೊಂದು ಎರಡು ಮನೆ. ಕೆಳಗೆ ನಾನು ಮತ್ತು ನಮ್ಮ ಯಜಮಾನರು ಲೆನ್, ಮೇಲೆ ಅವರ ಅಣ್ಣ ಚೆಸ್ಟರ್. ಇಬ್ಬರೂ ಉಕ್ಕಿನ ಕಾರ್ಖಾನೆಯಲ್ಲಿ ಒಂದೇ ಕುಲುಮೆಯ ಮುಂದೆ ಬೆಂದವರು. ಮೊದಲ ಫೈನಲಿಗೆ ಇಬ್ಬರಿಗೂ ಟಿಕೆಟ್ ಸಿಕ್ಕಿತ್ತು, ಹೊರಡಲು ಚೀಲವೂ ಸಿದ್ಧವಾಗಿತ್ತು. ಅಷ್ಟರಲ್ಲಿ ನಮ್ಮ ಮಗಳು ರೀಟಾ ಲೀಗಿನ ವೇಳಾಪಟ್ಟಿಯನ್ನು ಲೆಕ್ಕಿಸದೆ ಹುಟ್ಟುವುದಾಗಿ ಸೂಚನೆ ಕೊಟ್ಟಳು. ಲೆನ್ ಆಸ್ಪತ್ರೆಗೆ ಬಂದರು, ಚೆಸ್ಟರ್ ಒಬ್ಬರೇ ಪಂದ್ಯಕ್ಕೆ ಹೋದರು. ಕೊನೆಯ ಕ್ಷಣದಲ್ಲಿ ನಮ್ಮ ತಂಡದ ಹುಡುಗ ಒದ್ದ ಚೆಂಡು ಎರಡು ಕಂಬಗಳ ನಡುವೆ ಹೋದರೆ ಗೆದ್ದೆವು ಎಂಬ ಹೊತ್ತಿನಲ್ಲಿ ಅದು ಬಲಗಡೆಯ ಕಂಬಕ್ಕೆ ಬಡಿದು ಮೈದಾನಕ್ಕೇ ವಾಪಸ್ಸು ಬಂತು. ಚೆಸ್ಟರ್ ಆ ಕಂಬದ ಹಿಂದೆಯೇ ಕೂತಿದ್ದವರು. ಊರಿಗೆ ಮರಳಿ ತೊಟ್ಟಿಲೊಳಗೆ ಬಗ್ಗಿ ನೋಡಿ ಅವರು ಆಡಿದ ಮಾತು ನನಗೆ ನೆನಪಿದೆ: “ನಿನಗೇನಪ್ಪ ಲೆನಿ, ಮಗಳು ಸಿಕ್ಕಿದ್ಲು. ನನಗೆ ಸಿಕ್ಕಿದ್ದು ಠಣ್ ಅನ್ನೋ ಒಂದು ಸದ್ದು.”

ಎರಡನೆಯ ಫೈನಲ್ ಬರುವ ಹೊತ್ತಿಗೆ ರೀಟಾಗೆ ಮದುವೆಯಾಗಿತ್ತು, ಚೆಸ್ಟರ್ ಅವರ ಹೆಂಡತಿ ಐರೀನ್ ಆಸ್ಪತ್ರೆಯಲ್ಲಿದ್ದಳು. ಈ ಸಲ ಉಳಿಯುವ ಸರದಿ ಚೆಸ್ಟರ್ ಅವರದು. ನಾನೂ ಹೋಗುವುದಿಲ್ಲ ಎಂದ ಲೆನ್ ಅವರನ್ನು ಚೆಸ್ಟರ್ ಅವರೇ ಗದರಿಸಿ ವಿಮಾನ ಹತ್ತಿಸಿದರು. ಆ ಪಂದ್ಯದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಅರ್ಧ ಆಟಕ್ಕೇ ನೋಡಲು ಹೋಗಿದ್ದ ನಮ್ಮೂರಿನವರು ಎದ್ದು ಹೋಗತೊಡಗಿದರು, ಕೊನೆಗೆ ಆ ಸಾಲಿನಲ್ಲಿ ಲೆನ್ ಒಬ್ಬರೇ ಉಳಿದರು. ನಲವತ್ತನಾಲ್ಕು–ಸೊನ್ನೆ ಆದ ಮೇಲೆ ನಮ್ಮವರಿಗೆ ಅದ್ಯಾಕೋ ಮೂರು ಅಂಕ ಬಂದವು. ಆಮೇಲೆ ಎದುರಾಳಿಗಳು ಇನ್ನೂ ಏಳು ಹೊಡೆದರು. ಐರೀನ್ ಆ ವಾರ ದಾಟಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ, ಚರ್ಚಿನಿಂದ ಬಂದು ಪಿರೋಗಿ ಕಡುಬು ಮತ್ತು ಸಾಸೇಜಿನ ಮುಂದೆ ಕೂತೊಡನೆ, ಯಾವ ಸೋಲು ದೊಡ್ಡದು ಎಂಬ ವಾದ ಶುರುವಾಗುತ್ತಿತ್ತು. ಚೆಸ್ಟರ್ ಪಕ್ಷ ಮೊದಲನೆಯದು, ಲೆನ್ ಪಕ್ಷ ಎರಡನೆಯದು.

“ಲೋ, ಆಸೆ ಇಟ್ಕೊಂಡು ಸೋಲ್ತಾರಲ್ಲ, ಅದಕ್ಕೆ ಸೋಲು ಅಂತಾರೆ. ನಿಂದು ಸೋಲಲ್ಲ, ಕೆಟ್ಟ ಹವಾಮಾನ,” ಎನ್ನುತ್ತಿದ್ದರು ಚೆಸ್ಟರ್.

“ಒಂದು ನಿಮಿಷ ಅಳೋದು ಯಾರಿಗೆ ಬರಲ್ಲ ಹೇಳು. ಮಧ್ಯಾಹ್ನದಿಂದ ಕತ್ತಲಾಗೋವರೆಗೆ ಮರ್ಯಾದೆ ಕಳ್ಕೊಂಡು ಕೂತಿರೋಕೆ ಬೆನ್ನುಮೂಳೆ ಬೇಕು, ಬೆನ್ನುಮೂಳೆ!” ಎನ್ನುತ್ತಿದ್ದರು ಲೆನ್.

“ಬೆನ್ನುಮೂಳೆ ಅಲ್ಲವೋ, ಏರ್‌ಪೋರ್ಟಿಗೆ ವಾಪಸ್ ಕರ್ಕೊಂಡು ಹೋಗೋ ಬಸ್ ಬಂದಿರ್ಲಿಲ್ಲ ಅಷ್ಟೆ.”

“ಬರ್ನಿ, ನೋಡಿದ್ಯಾ ಇವನ ಬಾಯಿ? ನೀನೇ ಹೇಳು.”

ನಾನು ಸಾಸಿವೆಯ ಶೀಶೆಯನ್ನು ಇಬ್ಬರ ಕೈಗೂ ಎಟುಕದ ಕಡೆ ಸರಿಸುತ್ತಿದ್ದೆ. ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ‘ಹೇಗಿದೀಯ’ ಎಂದು ಕೇಳುವ ಜಾತಿಯವರಲ್ಲ. ಹೆಂಡತಿ ಹೋದ ಮನೆ ಹೇಗಿರುತ್ತದೆಂದು ಲೆನ್ ಕೇಳಲಿಲ್ಲ, ಚೆಸ್ಟರ್ ಹೇಳಲಿಲ್ಲ. ಆ ಕಂಬದ ನೆಪ, ಆ ಐವತ್ತೊಂದರ ನೆಪ ಇತ್ತೆಂದೇ ಚೆಸ್ಟರ್ ಮೆಟ್ಟಿಲಿಳಿದು ಬಂದು ಹೊಟ್ಟೆತುಂಬ ಉಂಡು ಹೋಗುತ್ತಿದ್ದರು.

ಇಂಥ ಮನೆಗೆ ತಾವು ತೀರ್ಪು ದಯಪಾಲಿಸಿದಿರಿ. ತಮ್ಮ ವಿಜ್ಞಾನವನ್ನು ನಾನು ಎಷ್ಟು ಹೊಗಳಿದರೂ ಸಾಲದು. ಪಾದ್ರಿಗಳ ಉಪದೇಶಕ್ಕೆ, ನನ್ನ ಸೌಟಿಗೆ, ಒಮ್ಮೆ ಪಕ್ಕದ ಮನೆಯವರು ಕರೆಸಿದ ಪೊಲೀಸರಿಗೆ ಸಾಧ್ಯವಾಗದೆ ಹೋದದ್ದನ್ನು ತಾವು ಎರಡು ಜಾಹೀರಾತುಗಳ ನಡುವೆ ಸಾಧಿಸಿದಿರಿ. ತಾವು ಮೇಜು ಕುಟ್ಟಿದಾಗ ಲೆನ್ ಟೀವಿ ಆರಿಸಿ, “ಸರಿ ಹಾಗಾದ್ರೆ,” ಎಂದರು. ಗೆದ್ದ ಚೆಸ್ಟರ್ ಕುಣಿಯಲಿಲ್ಲ, ಚುಚ್ಚಲೂ ಇಲ್ಲ. ಟೋಪಿ ಹಾಕಿಕೊಂಡು ಮೇಲೆ ಹೋದರು.

ಮುಂದಿನ ಭಾನುವಾರ ಅವರು ಊಟಕ್ಕೆ ಇಳಿಯಲಿಲ್ಲ. ಅದರ ಮುಂದಿನ ಭಾನುವಾರ ಇಳಿದರು, ಪಿರೋಗಿ ಚೆನ್ನಾಗಿದೆ ಎಂದರು, ಎದ್ದು ಹೋದರು. ಅವರು ನನ್ನ ಅಡುಗೆಯನ್ನು ಹೊಗಳಿದ್ದು ಅದೇ ಮೊದಲು. ನನಗೆ ಭಯವಾಯಿತು. ಮನೆಯಲ್ಲಿ ಫೋರ್ಕು ತಟ್ಟೆಗೆ ತಾಗುವ ಸದ್ದು ಕೇಳುವಷ್ಟು ಶಾಂತಿ ನೆಲೆಸಿತು. ನಾನು ಬೇರೆ ಜಗಳಗಳನ್ನು ಹುಟ್ಟಿಸಲು ನೋಡಿದೆ. ಹಿಮ ತೆಗೆಯುವ ಲಾರಿಯವನು ನಮ್ಮ ಬೀದಿಗೆ ಬೇಕೆಂತಲೇ ಕಡೆಗೆ ಬರುತ್ತಾನೆ ಎಂದೆ. ಇಬ್ಬರೂ ಹೌದು ಎಂದರು. ಮೇಯರ್ ಒಳ್ಳೆಯವನು ಎಂದೆ. ಅದಕ್ಕೂ ಹೌದು ಎಂದರು. ಮಾನ್ಯರೇ, ನಮ್ಮ ಮೇಯರನ್ನು ತಾವು ನೋಡಿಲ್ಲ. ಒಂದು ಸಂಜೆ ಲೆನ್ ತಟ್ಟೆಯಲ್ಲಿ ಊಟ ಮುಚ್ಚಿಕೊಂಡು ಮೇಲೆ ಹೋಗಿ, ಬಾಗಿಲು ತಟ್ಟದೆ, ಹೊಸ್ತಿಲ ಮುಂದಿಟ್ಟು ಬಂದರು. “ಮಾತಾಡಿಸಬಾರದಿತ್ತೇನ್ರೀ?” ಎಂದೆ. “ಏನಂತ ಮಾತಾಡ್ಸಲಿ ಬರ್ನಿ? ಮುಗೀತಲ್ಲ ಅದು,” ಎಂದರು.

ಈಸ್ಟರಿನ ಉಪವಾಸ ಶುರುವಾಗುವ ಮುಂಚಿನ ಭಾನುವಾರ ರೀಟಾ ಜಾಮು ತುಂಬಿದ ಡೋನಟ್ಟುಗಳ ಡಬ್ಬ ಹಿಡಿದು ಬಂದು, ಚೆಸ್ಟರ್ ಅವರನ್ನು ಕೈಹಿಡಿದು ಕೆಳಗೆ ಕರೆತಂದಳು. ಅವಳು ತೀರ್ಪಿನ ಸುದ್ದಿ ಕೇಳಿದ್ದಳು, ಆದರೆ ಆಮೇಲೆ ಮನೆಯಲ್ಲಿ ನಡೆದದ್ದೇನೂ ಅವಳಿಗೆ ಗೊತ್ತಿರಲಿಲ್ಲ.

“ದೊಡ್ಡಪ್ಪಾ, ಅಂತೂ ಟೀವಿಯವರೇ ನೀನು ಗೆದ್ದೆ ಅಂದುಬಿಟ್ರಂತೆ! ಪಾರ್ಟಿ ಎಲ್ಲಿ?” ಎಂದಳು.

ಚೆಸ್ಟರ್ ಕೈಯಲ್ಲಿದ್ದ ಡೋನಟ್ಟನ್ನು ಕೆಳಗಿಟ್ಟರು. “ಯಾರು ಕೇಳಿದ್ರು ಆ ಕ್ರಾಪಿನವನನ್ನ?” (ಇವು ಅವರ ಮಾತುಗಳು, ಮಾನ್ಯರೇ. ನಾನು ನಕಲು ಮಾಡುತ್ತಿದ್ದೇನೆ ಅಷ್ಟೆ.) “ಎರಡಂತೆ, ಎರಡು! ಐವತ್ತೊಂದು–ಮೂರಕ್ಕೆ ಎರಡು ಅಂಕ ಕೊಡೋನು ಮನುಷ್ಯನಾ?”

“ಬಿಡು ಚೆಟ್,” ಎಂದರು ಲೆನ್. “ಕಂಪ್ಯೂಟರ್ ಹೇಳಿದ್ಮೇಲೆ ಆಯ್ತು.”

“ಕಂಪ್ಯೂಟರ್ ಐರೀನ್ ರೂಮಲ್ಲಿ ಕೂತಿತ್ತೇನೋ? ನಾನು ಕೂತಿದ್ದೆ. ನಲವತ್ತನಾಲ್ಕು ಆಗೋಷ್ಟರಲ್ಲಿ ಆಸ್ಪತ್ರೇಲಿ ಎಲ್ರೂ ಟೀವಿ ಆಫ್ ಮಾಡಿದ್ರು. ನಾನೂ ಎದ್ದೆ, ಮಾಡೋಣ ಅಂತ. ಅವಳು ಬೇಡ ಅಂದ್ಲು. ‘ಲೆನಿ ಅಲ್ಲಿ ಕೂತಿದಾನೆ ಕಣ್ರೀ, ನಾವು ಎದ್ದು ಹೋದ್ರೆ ಚೆನ್ನಾಗಿರಲ್ಲ’ ಅಂದ್ಲು. ಆ ಮೂರು ಬಂತಲ್ಲ, ಕೈಗೆ ಸೂಜಿ ಚುಚ್ಚಿದ್ರಲ್ಲ, ಅದೇ ಕೈಲಿ ಚಪ್ಪಾಳೆ ತಟ್ಟಿದ್ಲು. ನರ್ಸ್ ಬಂದು ಬೈದ್ಲು.”

ಈ ಮಾತನ್ನು ಅವರು ಅದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ.

“ಆ ಮೂರಕ್ಕೆ ನಾನೂ ತಟ್ಟಿದೆ ಚೆಟ್,” ಎಂದರು ಲೆನ್. “ಇಡೀ ಪ್ರಪಂಚದಲ್ಲಿ ನಾನೊಬ್ನೇ ಅಂದ್ಕೊಂಡಿದ್ದೆ.”

ಇಬ್ಬರೂ ಮೂಗು ಒರೆಸಿಕೊಂಡರು. ರೀಟಾ ಅಳುತ್ತಿದ್ದಳು. ನಾನು ಈರುಳ್ಳಿ ಹೆಚ್ಚುತ್ತಿದ್ದೆನಾದ್ದರಿಂದ ನನ್ನ ವಿಚಾರ ಯಾರೂ ಕೇಳಲಿಲ್ಲ.

ಆಮೇಲೆ ಲೆನ್, ಸಮಾಧಾನ ಹೇಳುವ ಧಾಟಿಯಲ್ಲಿ, “ಆದ್ರೂ ನಿಂದೇ ದೊಡ್ಡದು ಬಿಡು. ಆ ಠಣ್ ಅನ್ನೋದಿದೆಯಲ್ಲ, ಅದು ಯಾರಿಗೂ ಬೇಡ,” ಎಂದರು.

“ನಿನಗೇನೋ ಗೊತ್ತು? ನೀನು ಅಲ್ಲಿದ್ಯಾ?”

“ರೇಡಿಯೋ ಇರ್ಲಿಲ್ವಾ? ಕಾರಿಡಾರಲ್ಲಿ ಇವಳನ್ನ ಎತ್ಕೊಂಡು ನಿಂತಿದ್ದೆ. ಕಂಬಕ್ಕೆ ಬಡೀತು ಅಂದ ತಕ್ಷಣ ಗೊಳೋ ಅಂತ ಅತ್ತುಬಿಟ್ಟೆ. ಮಗು ಹುಟ್ಟಿದ ಸಂತೋಷಕ್ಕೆ ಅಳ್ತಿದಾನೆ ಪಾಪ ಅಂತ ನರ್ಸುಗಳೆಲ್ಲ ಬಂದು ಬೆನ್ನು ಸವರಿದ್ರು.”

“ಅಪ್ಪಾ!” ಎಂದಳು ರೀಟಾ.

ಮಾನ್ಯರೇ, ನಾನೂ ಅದನ್ನು ಸಂತೋಷವೆಂದೇ ತಿಳಿದಿದ್ದೆ. ಆ ಕಣ್ಣೀರಿನ ನೆನಪಿನಲ್ಲೇ ಈ ಮನುಷ್ಯನ ಎಷ್ಟೋ ಅಪರಾಧಗಳನ್ನು ಕ್ಷಮಿಸಿದ್ದೆ. ಅವೆಲ್ಲ ಈಗ ಮರುಪರಿಶೀಲನೆಗೆ ಬಂದಿವೆ. ಇದನ್ನು ತಮ್ಮ ಮೇಲಿನ ಎರಡನೆಯ ದೂರೆಂದು ದಯವಿಟ್ಟು ದಾಖಲಿಸಿಕೊಳ್ಳಬೇಕು.

ಆದರೆ ಚೆಸ್ಟರ್ ಆಗಲೇ ಮೇಜು ಕುಟ್ಟಿಯಾಗಿತ್ತು. “ರೇಡಿಯೋದಲ್ಲಿ ಕೇಳಿದ್ದೆಲ್ಲ ಲೆಕ್ಕಕ್ಕಿಲ್ಲ! ಒಂದು ಠಣ್ ಅಷ್ಟೆ, ಮುಗೀತು. ಐವತ್ತೊಂದನ್ನ ಕೂತು ನೋಡೋದೇ ದೊಡ್ಡದು!”

“ಹುಚ್ಚು ಹಿಡಿದಿದೆಯೇನೋ ನಿನಗೆ? ಆಸೆ ಇಟ್ಕೊಂಡು ಸೋಲೋದೇ ಸೋಲು!” ಎಂದು ಲೆನ್ ಎದ್ದು ನಿಂತರು.

ಹೀಗೆ ಮಾನ್ಯರೇ, ಈಗ ಲೆನ್ ಮೊದಲ ಫೈನಲಿನ ಪಕ್ಷ, ಚೆಸ್ಟರ್ ಎರಡನೆಯದರ ಪಕ್ಷ. ಅಣ್ಣನ ಮಾತುಗಳನ್ನು ತಮ್ಮ ಕದ್ದಿದ್ದಾರೆ, ತಮ್ಮನ ಬೆನ್ನುಮೂಳೆಯನ್ನು ಅಣ್ಣ ಎತ್ತಿಕೊಂಡಿದ್ದಾರೆ. ಇಬ್ಬರಿಗೂ ಹೊಸ ಪಕ್ಷದ ಅಭ್ಯಾಸ ಸಾಲದೆ ನಡುನಡುವೆ ತಪ್ಪಿ ಹಳೆಯ ಕಡೆಗೇ ವಾದಿಸಿ, ಮತ್ತೊಬ್ಬರಿಂದ ತಿದ್ದಿಸಿಕೊಳ್ಳುತ್ತಾರೆ. ಕಿರುಚಾಟ ಮೊದಲಿಗಿಂತ ಜಾಸ್ತಿಯಾಗಿದೆ. ಪಕ್ಕದ ಮನೆಯವರು ಮತ್ತೆ ಗೋಡೆ ಕುಟ್ಟುತ್ತಿದ್ದಾರೆ. ಪಿರೋಗಿಯಲ್ಲಿ ಉಪ್ಪು ಜಾಸ್ತಿಯೆಂದು ಚೆಸ್ಟರ್ ಮುಖ ಸಿಂಡರಿಸಿದ ದಿನ ನಾನು ಒಳಗೆ ಹೋಗಿ ದೇವರಿಗೆ ಕೈಮುಗಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳಿವೆ. ಬರುವ ವರ್ಷ ತಾವು ಅದೇ ಮೇಜನ್ನು ಕುಟ್ಟಿ, ಕಂಪ್ಯೂಟರಿಗೆ ನೆಗಡಿಯಾಗಿತ್ತೆಂದೋ ಏನೋ ಹೇಳಿ, ಎರಡನೆಯ ಫೈನಲಿಗೆ ಒಂಬತ್ತೂವರೆ ಕೊಡಬೇಕು. ಆಗ ಇವರು ಸಿಟ್ಟಿಗೆದ್ದು ಮತ್ತೆ ಪಕ್ಷ ಬದಲಿಸುತ್ತಾರೆ. ಅದರ ಮುಂದಿನ ವರ್ಷ ಮತ್ತೆ ತಿರುಗಿಸಬೇಕು. ಇವರಿಬ್ಬರೂ ಬದುಕಿರುವವರೆಗೆ ಹೀಗೆ ಸರದಿಯ ಮೇಲೆ ತಪ್ಪು ತೀರ್ಪು ಕೊಡುತ್ತಿರಬೇಕು. ತಮ್ಮ ಅನುಭವಕ್ಕೆ ಇದು ಕಷ್ಟವಾಗಲಾರದು. ಸಾಧ್ಯವಿದ್ದರೆ ಆ ಎರಡೂ ಫೈನಲುಗಳನ್ನು ಅದೇ ಆಟಗಾರರಿಂದ, ಅವರ ಈಗಿನ ಮಂಡಿಗಳಲ್ಲೇ, ನಮ್ಮೂರ ಹಿಮದಲ್ಲಿ ಒಟ್ಟಿಗೆ ಮರು ಆಡಿಸಿ, ಈ ಸಲವಾದರೂ ಅಣ್ಣತಮ್ಮಂದಿರಿಗೆ ಅಕ್ಕಪಕ್ಕದ ಕುರ್ಚಿ ಕೊಡಿಸಬೇಕು. ಕೊನೆಯದಾಗಿ, ಸ್ಟೋಕರ್ಸ್ ತಂಡದವರು ಎಂದಾದರೂ ಫೈನಲ್ ಗೆದ್ದುಬಿಡುವ ಸೂಚನೆ ಕಂಡರೆ ದಯವಿಟ್ಟು ನನಗೆ ಮುಂಚಿತವಾಗಿ ತಿಳಿಸಬೇಕು. ಗೆದ್ದ ಮೇಲೆ ಮಾತಾಡಲು ಇವರಿಗೆ ಏನನ್ನು ಒದಗಿಸುವುದೆಂದು ನಾನು ಈಗಿನಿಂದಲೇ ಯೋಚಿಸಬೇಕಾಗುತ್ತದೆ.

ಮೇಲೆ ಕುರ್ಚಿ ಬಿದ್ದ ಸದ್ದಾಯಿತು. ಲೆನ್ ಅಣ್ಣನ ಮನೆಯಲ್ಲಿದ್ದಾರೆ, ಸಂವಾದ ನಡೆಯುತ್ತಿದೆ. ಅದರ ನೆಮ್ಮದಿಯಲ್ಲಿ ಪತ್ರ ಮುಗಿಸುತ್ತೇನೆ.

ಸಂಪೂರ್ಣ ಅಸಮಾಧಾನದೊಂದಿಗೆ,
ತಮ್ಮ ವಿಶ್ವಾಸಿ,
ಬರ್ನಡೀನ್ ಪಿಯೊಂಟೆಕ್
ಪೋರ್ಟ್ ಹ್ಯಾಲರನ್ (ಮೂರನೆಯ ಅಕ್ಷರವನ್ನು ನುಂಗಬಾರದು)

ಮರೆತ ಮಾತು: ತಾವೂ ಹರೆಯದಲ್ಲಿ ಇದೇ ಲೀಗಿನಲ್ಲಿ ಬಹಳ ಕಾಲ ಆಡಿದವರೆಂದೂ, ತಮ್ಮ ತಂಡ ಒಮ್ಮೆಯೂ ಫೈನಲ್ ತಲುಪಲಿಲ್ಲವೆಂದೂ ಚೆಸ್ಟರ್ ಪತ್ತೆಹಚ್ಚಿದ್ದಾರೆ. ಫೈನಲ್ ಸೋಲಬೇಕಾದರೂ ಮೊದಲು ಅಲ್ಲಿಗೆ ಹೋಗಬೇಕಾಗುತ್ತದಂತೆ. ಆ ಸಂಕಟಕ್ಕೆ ತಮ್ಮ ಸೂಚ್ಯಂಕ ಎಷ್ಟು ಅಂಕ ಕೊಡುತ್ತದೆಂದು ತಿಳಿಯುವ ಕುತೂಹಲ ನಮ್ಮ ಮನೆಯಲ್ಲಿ ಎಲ್ಲರಿಗೂ ಇದೆ, ಮತ್ತು ಈ ಒಂದು ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರಿಬ್ಬರೂ ಒಂದೇ ಪಕ್ಷ.