ಓಬಕ್ಕನ ಶ್ವಾಸಪುರದಹನ

ಮದುವೆ ಮಂಟಪದ ಪಾಯಿಖಾನೆಯಲ್ಲಿ ಓಬಕ್ಕ ಬ್ಲೀಚಿಂಗ್ ಪೌಡರಿಗೆ ಆಸಿಡ್ ಬೆರೆಸಿ ನೆಲ ತಿಕ್ಕುತ್ತಿದ್ದಾಗ, ಬೀಗರ ಕಡೆಗೆ ವಾಸನೆ ಹೋಗಬಾರದೆಂದು ಮೇಸ್ತ್ರಿ ರುದ್ರಯ್ಯ ಹೊರಗಿನಿಂದ ಚಿಲಕ ಹಾಕಿದ. ಬೆರೆಸಲು ಹೇಳಿದವನೂ ಅವನೇ.

ಕೇಳಿರಿ ಮಹಾಜನಗಳೇ! ಬಕೆಟ್ಟುಗಳು ಆಳುತ್ತಿದ್ದ ಆ ಯುಗದಲ್ಲಿ, ಶತಶೌಚಾಲಯವಿಜಯಿನಿಯೂ ಸಮ್ಮಾರ್ಜನೀಪಾಣಿಯೂ ಆದ ಓಬಕ್ಕನ ಪಕ್ಕೆಲುಬಿನ ಕೋಟೆಯೊಳಗೆ, ಕೋಟಿ ಕೋಟಿ ಗಾಳಿಗೂಡುಗಳ ಶ್ವಾಸಪುರವೆಂಬ ನಗರಿಯಿತ್ತು. ಆಸಿಡ್ ಬೆರಕೆಯಿಂದೆದ್ದ ಹಸಿರುಹಳದಿ ಹೊಗೆಯೆಂಬ ದೈತ್ಯ ಅಲ್ಲಿಗೆ ನುಗ್ಗಿ ಗೂಡುಗಳ ಗೋಡೆ ಸುಟ್ಟ. ಓಬಕ್ಕ ಒದ್ದು ಚಿಲಕ ಕೀಳುತ್ತಲೇ, ಆ ದೈತ್ಯ ಬಂದ ದಾರಿಯಲ್ಲೇ ಓಡಿಹೋದ. ಆದರೆ ಸುಟ್ಟ ಗೋಡೆಗಳ ಕೂಗು ಅಷ್ಟರಲ್ಲಿ ರಕ್ತನದಿಗೆ ಮುಟ್ಟಿತ್ತು. ಎದ್ದ ನೋಡಿ ಅಲ್ಲಿಂದ, ಕ್ರಿಮಿಕುಲಕಾಲಾಂತಕ, ಬಿಳಿರಕ್ತಕಣಚಮೂಪತಿ ಧವಳಸೇನ!

“ಎಲವೋ ಹೊಗೆಯೇ! ನನ್ನ ಆಯುಷ್ಯ ಒಂದೇ ದಿನ; ಆ ದಿನದಲ್ಲೇ ನಿನ್ನ ವಂಶದ ಹೆಸರಳಿಸುವೆ! ಎಸೆಯಿರೋ ಬಲೆ, ಸುರಿಯಿರೋ ವಿಷ!”

“ಬುದ್ಧೀ, ವೈರಿ ಕಾಣಿಸ್ತಿಲ್ವಲ್ಲ,” ಎಂದನೊಬ್ಬ ಸೈನಿಕ.

“ಕಾಣಿಸ್ತಿಲ್ಲ ಅಂದ್ರೆ ಬಚ್ಚಿಟ್ಕೊಂಡವ್ನೆ ಅಂತ. ಹೊಡೀರೋ!”

ಹೊಡೆದರು. ಪರಾರಿಯಾದ ವೈರಿಯನ್ನು ಹುಡುಕುತ್ತ ಲಕ್ಷೋಪಲಕ್ಷ ಧವಳವೀರರು ಮನೆಮನೆಗೆ ನುಗ್ಗಿ, ಅಳಿದುಳಿದ ಗೋಡೆಗಳನ್ನೂ ಒಡೆಯಲು, ರಕ್ತನಾಳಗಳ ಕಟ್ಟೆ ಸೋರಿ, ಗಾಳಿ ಇರಬೇಕಾದ ಗೂಡುಗಳಲ್ಲಿ ನೀರು ನಿಂತಿತು. ಜಯಭೇರಿ ಮೊಳಗಿತು! ಹೊರಗೆ ಕೇಳಿಸಿದ್ದು ಇಷ್ಟೇ: ಖೊಕ್, ಖೊಕ್. ಅಷ್ಟು ಅಕ್ಷೌಹಿಣಿಗಳ ದಿಗ್ವಿಜಯ, ಸ್ಟೀಲ್ ಬಟ್ಟಲಲ್ಲಿ ಒಂದು ಚಮಚ ಕೆಂಪು ನೊರೆ.

ಸರ್ಕಾರಿ ಆಸ್ಪತ್ರೆಯ ಹಾಸಿಗೆ. ಓಬಕ್ಕನ ಮೂಗಿಗೆ ಆಕ್ಸಿಜನ್ ಕೊಳವೆ. ಡಾಕ್ಟರಮ್ಮ ಬಿಡಿಸಿ ಹೇಳಿದರು: “ಆ ಹೊಗೆ ಆಗ್ಲೇ ಹೋಯ್ತಮ್ಮ. ಈಗ ಒಳಗೆ ಸುಡ್ತಿರೋದು ನಿಮ್ಮ ರಕ್ತದ ಕಾವಲುಗಾರರೇ. ಅವರು ಸುಮ್ಮನಾಗೋವರೆಗೆ ಉಸಿರು ಕಷ್ಟ.”

ಅವರು ಅತ್ತ ಹೋದದ್ದೇ ತಡ, ಪಕ್ಕದಲ್ಲಿ ನಿಂತಿದ್ದ ರುದ್ರಯ್ಯನ ಮುಖ ಅರಳಿತು. ಜೇಬಿನಿಂದ ಕಾಗದ ಬಂತು, ಶಾಯಿ ಡಬ್ಬಿ ಬಂತು.

“ಕೇಳ್ದೇನಕ್ಕ? ಎಲ್ಲಾ ನಿನ್ನೊಳಗಿನೋರ್ದೇ ಕೆಲ್ಸ! ನಮ್ದೇನೂ ತಪ್ಪಿಲ್ಲ ಅಂತ ಬರ್ದಿವ್ನಿ. ಒತ್ತು ಹೆಬ್ಬೆಟ್ಟು. ಒತ್ತಿದ್ರೆ ಮಂಟಪದ ಕೆಲ್ಸ ನಿಂದೇ. ಇಲ್ದಿದ್ರೆ ಬೇರೆಯೋಳ್ನ ನೋಡ್ಕತೀನಿ.”

ಓಬಕ್ಕ ಉಸಿರು ಹೆಕ್ಕಿ ಹೆಕ್ಕಿ ಕೇಳಿದಳು: “ಚಿಲ್ಕಾನೂ... ನನ್ನ ರಕ್ತವೇ... ಹಾಕಿದ್ದೇನ್ಲಾ?”

ರುದ್ರಯ್ಯ ಬಾಗಿಲ ಕಡೆ ನೋಡಿದ. ಶಾಯಿ ಡಬ್ಬಿಯನ್ನು ಇನ್ನಷ್ಟು ಹತ್ತಿರ ಹಿಡಿದ. “ಜೋರಾಗ್ ಮಾತಾಡ್ಬ್ಯಾಡ್ವೇ. ಸುಮ್ಕೆ ಒತ್ತಕ್ಕ.”

ಓಬಕ್ಕ ಹೆಬ್ಬೆಟ್ಟನ್ನು ಮುಷ್ಟಿಯೊಳಕ್ಕೆ ಮಡಚಿಕೊಂಡಳು.

“ಒತ್ತಕ್ಕಿಲ್ಲ.”