ಊಟದ ಮೇಜಿನ ಮೇಲೆ ಹಳೆಯ ರಿವಾಲ್ವರ್ ಬಿಚ್ಚುವ ಕುರಿತು

ಸಂಖ್ಯೆ: ಮನೆ/ಮೇಜು/ತುಕ್ಕು/6
ದಿನಾಂಕ: ಭಾನುವಾರ, ಎರಡನೇ ಸುತ್ತಿನ ಬಟ್ಟೆ ಒಣಗಲು ಹಾಕಿದ ನಂತರ

ವಿಷಯ: ಹಳೆಯ ರಿವಾಲ್ವರುಗಳ ಬಿಚ್ಚುವಿಕೆ, ಒರೆಸುವಿಕೆ, ಮರುಜೋಡಣೆ ಮತ್ತು ಈ ಅವಧಿಯಲ್ಲಿ ಮನೆಯ ಇತರ ಸದಸ್ಯರ ಸಂರಕ್ಷಣೆ.

ಉಲ್ಲೇಖ: 1) ಈ ಕಚೇರಿಯ ಹಿಂದಿನ ಐದು ಸುತ್ತೋಲೆಗಳು (ಐದೂ ಎಣ್ಣೆ ಒರೆಸಲು ಬಳಕೆಯಾಗಿವೆ). 2) ಅತ್ತೆಯವರ ಮೌಖಿಕ ದೂರು, ಇಂದು ಬೆಳಿಗ್ಗೆ.

ಪ್ರಸ್ತಾವನೆ:

ಇಂದು ಬೆಳಿಗ್ಗೆ ಈ ಕಚೇರಿಯು ಬಟ್ಟೆ ಒಗೆಯುವ ಯಂತ್ರವನ್ನು ಎರಡನೇ ಸುತ್ತಿಗೆ ಚಾಲೂ ಮಾಡಿ, ಮೊದಲ ಸುತ್ತಿನ ಬಟ್ಟೆಗಳನ್ನು ಕೊಡವಿ ತಂತಿಗೆ ಹಾಕುತ್ತಿದ್ದಾಗ, ಊಟದ ಮೇಜಿನ ಕಡೆಯಿಂದ "ಯಾರೂ ಅಲ್ಲಾಡಬೇಡಿ!" ಎಂಬ ಆದೇಶ ಹೊರಬಿದ್ದಿತು. ಆದೇಶ ಹೊರಡಿಸಿದವರು ಮನೆಯ ಯಜಮಾನರು (ಇನ್ನು ಮುಂದೆ "ಸಂಗ್ರಾಹಕರು"). ನೂರು ವರ್ಷ ದಾಟಿದ ರಿವಾಲ್ವರೊಂದರ ಅಕ್ಕಿಕಾಳಿನಷ್ಟು ದೊಡ್ಡ ಸ್ಕ್ರೂ ಕಾಣೆಯಾಗಿರುವುದು ತಿಳಿದುಬಂದಿತು. ಸಂಗ್ರಾಹಕರು ಟಾರ್ಚ್ ಹಿಡಿದು ಮೇಜಿನಡಿ ಅಂಬೆಗಾಲಿಟ್ಟರು. ಅತ್ತೆಯವರು ಎರಡೂ ಕಾಲು ಕುರ್ಚಿಯ ಮೇಲೆತ್ತಿಕೊಂಡು ನಲವತ್ತು ನಿಮಿಷ ಕೂತರು. ಈ ಕಚೇರಿಯು ಒದ್ದೆ ಲಂಗವೊಂದನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ಒಣಗಿತು. ಕೊನೆಗೆ ಯಂತ್ರದ ಒಳಗಿನಿಂದ "ಟಣ್" ಎಂಬ ಸದ್ದು ಕೇಳಿಬಂದು, ಸದರಿ ಸ್ಕ್ರೂ ಸಂಗ್ರಾಹಕರ ಅಂಗಿಯ ಜೇಬಿನಲ್ಲಿದ್ದು, ಅಂಗಿಯ ಸಮೇತ ತೊಳೆಯಲ್ಪಡುತ್ತಿರುವುದು ದೃಢಪಟ್ಟಿತು.

ಮನೆಯಲ್ಲಿರುವ ಆರೂ ರಿವಾಲ್ವರುಗಳ ನಳಿಗೆಗಳನ್ನು ಪರವಾನಗಿ ಪ್ರಕಾರ ಬೆಸುಗೆ ಹಾಕಿ ಮುಚ್ಚಲಾಗಿದ್ದು, ಅವುಗಳಿಂದ ಗುಂಡು ಹಾರುವುದಿಲ್ಲ. ಆದರೂ ವಾರವಾರ ಮನೆಮಂದಿ ಗಾಯಗೊಳ್ಳುತ್ತಿರುವುದನ್ನು ಗಮನಿಸಿ, ಈ ಕೆಳಗಿನಂತೆ ಸೂಚಿಸಲಾಗಿದೆ.

1. ಊಟದ ಮೇಜು ಊಟಕ್ಕಾಗಿ ಇರುತ್ತದೆ ಎಂದು ಮತ್ತೊಮ್ಮೆ ಘೋಷಿಸಲಾಗಿದೆ. ತಟ್ಟೆ ಮತ್ತು ರಿವಾಲ್ವರ್ ಏಕಕಾಲಕ್ಕೆ ಹಾಜರಾದಲ್ಲಿ ತಟ್ಟೆಗೆ ಆದ್ಯತೆ. "ಅದನ್ನ ಆ ಕಡೆ ಸರಿಸಿ, ಸಾರು ಬಿಸಿ ಇದೆ" ಎಂಬ ಮನವಿಗೆ "ಇದು ಕೈಲಿ ಮಾಡಿದ ಸ್ಪ್ರಿಂಗ್ ಕಣೇ" ಎಂಬುದನ್ನು ಉತ್ತರವೆಂದು ಪರಿಗಣಿಸಲಾಗುವುದಿಲ್ಲ.

2. ಬಿಚ್ಚುವ ಮುನ್ನ ಹಾಗೂ ಜೋಡಿಸಿದ ನಂತರ ಸ್ಕ್ರೂಗಳನ್ನು ಗಟ್ಟಿಯಾಗಿ ಎಣಿಸತಕ್ಕದ್ದು. ಸ್ಕ್ರೂಗಳನ್ನು ಅಂಗಿಯ ಜೇಬು, ಟೀ ಸೋಸುವ ಜಾಲರಿ, ಮಗಳ ಪೆನ್ಸಿಲ್ ಡಬ್ಬಿ ಹಾಗೂ ಅತ್ತೆಯವರು ಹಲ್ಲು ಸೆಟ್ಟು ನೆನೆಹಾಕುವ ಬಟ್ಟಲಿನಲ್ಲಿ ಇಡತಕ್ಕದ್ದಲ್ಲ. ಕೊನೆಯದರ ಬಗ್ಗೆ ಅತ್ತೆಯವರು "ನನ್ನ ಹಲ್ಲು ಗಟ್ಟಿಯಾಗಲಿ ಅಂತ ಹಾಕಿದ್ನೇನೋ ಪುಣ್ಯಾತ್ಮ" ಎಂದಿರುವುದನ್ನು ದಾಖಲಿಸಲಾಗಿದೆ.

3. "ಅಲ್ಲಾಡಬೇಡಿ" ಆದೇಶದ ಅವಧಿ ಐದು ನಿಮಿಷ ಮೀರಕೂಡದು. ಎಪ್ಪತ್ತು ದಾಟಿದವರು ಒಮ್ಮೆಗೆ ಒಂದು ಕಾಲಿನಂತೆ, ಸರದಿಯ ಮೇಲೆ, ಕೆಳಗಿಳಿಸಬಹುದು. ಸೀನು ಬಂದವರು ಮುಂಚಿತವಾಗಿ ತಿಳಿಸತಕ್ಕದ್ದು.

4. ಹೊಲಿಗೆ ಯಂತ್ರದ ಎಣ್ಣೆ ಹೊಲಿಗೆ ಯಂತ್ರಕ್ಕೆ ಸೇರಿದ್ದು. ಹಲ್ಲುಜ್ಜುವ ಬ್ರಷ್ಷು ನಿವೃತ್ತಿಯಾಗಿದೆಯೋ ಇಲ್ಲವೋ ಎಂಬುದನ್ನು ಬ್ರಷ್ಷಿನ ಮಾಲೀಕರೇ ತೀರ್ಮಾನಿಸುತ್ತಾರೆ. ಕಳೆದ ತಿಂಗಳು ಈ ಕಚೇರಿಯ ಬ್ರಷ್ಷನ್ನು ಸೇವೆಯಲ್ಲಿರುವಾಗಲೇ ಸಿಲಿಂಡರಿನ ಆರು ತೂತುಗಳಿಗೂ ಆಡಿಸಿ, ವಾಪಸ್ ಅದೇ ಲೋಟದಲ್ಲಿ ಇಡಲಾಗಿತ್ತು. ರುಚಿಯಿಂದ ತಿಳಿದುಬಂದಿತು.

5. ಸಂಗ್ರಾಹಕರ ಸಣ್ಣ ಸ್ಕ್ರೂಡ್ರೈವರಿನಿಂದ ಕಾಫಿಪುಡಿ ಡಬ್ಬಿಯ ಮುಚ್ಚಳ ಮೀಟಿದ್ದು ಈ ಕಚೇರಿಯೇ ಎಂದು ಈ ಮೂಲಕ ಒಪ್ಪಿಕೊಳ್ಳಲಾಗಿದೆ. ಅದರ ತುದಿ ಬಾಗಿತೆಂದು ಸಂಗ್ರಾಹಕರು ಮಧ್ಯಾಹ್ನದಿಂದ ಸಂಜೆಯ ಟೀವರೆಗೆ ಮಾತು ಬಿಟ್ಟ ಅವಧಿಯನ್ನು ಗಳಿಕೆ ರಜೆಯಲ್ಲಿ ಕಳೆಯಲಾಗಿದೆ.

6. ತುಕ್ಕು ತಡೆಯಲು ಹೊಸ ಚಪ್ಪಲಿ, ಬೂಟಿನ ಡಬ್ಬಗಳಲ್ಲಿ ಬರುವ, ತೇವ ಹೀರುವ ಹರಳಿನ ಪುಟ್ಟ ಚೀಲಗಳನ್ನು ಗಾಜಿನ ಬೀರುವಿನಲ್ಲಿ ಇಡುವುದಕ್ಕೆ ಅಭ್ಯಂತರವಿಲ್ಲ. ಆದರೆ ಮನೆಗೆ ಬಂದ ನೆಂಟರನ್ನು ಕ್ಷೇಮ ವಿಚಾರಿಸುವ ಮುನ್ನ "ಬೂಟು ಹೊಸದಾ?" ಎಂದು ಕೇಳತಕ್ಕದ್ದಲ್ಲ.

7. ಮೇಣ ಹಚ್ಚಿ ಉಜ್ಜುವಾಗ ರಿವಾಲ್ವರನ್ನು "ನನ್ನ ಬಂಗಾರ", "ಬಾ ಮರಿ" ಇತ್ಯಾದಿಯಾಗಿ ಸಂಬೋಧಿಸಲಾಗುತ್ತಿದೆ. ಸದರಿ ಸೌಲಭ್ಯವನ್ನು ವಾರಕ್ಕೊಮ್ಮೆಯಾದರೂ ಉಸಿರಾಡುವ ಸದಸ್ಯರಿಗೂ ವಿಸ್ತರಿಸತಕ್ಕದ್ದು. ಈ ವಿಷಯದಲ್ಲಿ ಅತ್ತೆಯವರ ಅಭಿಪ್ರಾಯ: "ಮದುವೆ ದಿನ ಇವಳ ಕೈನೂ ಇಷ್ಟು ಹೊತ್ತು ಹಿಡಿದಿರಲಿಲ್ಲ ಇವನು."

8. ಹಾಲು ಉಕ್ಕಿದ್ದರಿಂದ ಈ ಕಲಂ ಬರೆಯಲಾಗಲಿಲ್ಲ.

9. ಪ್ರತಿಯೊಂದು ರಿವಾಲ್ವರಿನ ಪಕ್ಕ ಸಂಗ್ರಾಹಕರು ಮುತ್ತಿನಂಥ ಅಕ್ಷರದಲ್ಲಿ ಚೀಟಿ ಬರೆದಿಟ್ಟಿದ್ದಾರೆ: ವರ್ಷ, ತೂಕ, ಸ್ಕ್ರೂಗಳ ಸಂಖ್ಯೆ, ಹಿಡಿದಿದ್ದವರು. ಒಂದನ್ನು ರೈಲಿನ ಗಾರ್ಡ್ ಹಿಡಿದಿದ್ದರು, ಇನ್ನೊಂದನ್ನು ಸರ್ಕಸ್ಸಿನ ಕುದುರೆ ಸವಾರ. ಎಂಟು ವರ್ಷದ ಮಗಳು ಪ್ರತಿ ಭಾನುವಾರ ತಂದೆಯ ಪಕ್ಕ ಮೊಣಕಾಲೂರಿ ಕೂತು, ಒರೆಸುವ ಬಟ್ಟೆ ಕೊಡುತ್ತಾ, ಈ ಚೀಟಿಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಮೂರು ವಾರಗಳಿಂದ ಬಾಗಿಲವರೆಗೆ ಬಂದು, ಬಾಯಿ ತೆರೆದು, ಮುಚ್ಚಿ, ಹೊರಟುಹೋಗುತ್ತಿದ್ದಾಳೆ. ಸಂಗ್ರಾಹಕರು "ಅವಳಿಗೂ ಬೇಜಾರಾಯ್ತು ಅನ್ಸುತ್ತೆ, ಬಿಡು" ಎಂದು ಹೇಳಿ, ಕಳೆದ ಭಾನುವಾರ ಒಬ್ಬರೇ ಕೂತು ಒಂದೇ ರಿವಾಲ್ವರನ್ನು ಮೂರು ಸಲ ಒರೆಸಿದ್ದನ್ನು ಈ ಕಚೇರಿ ಅಡುಗೆಮನೆಯಿಂದ ನೋಡಿದೆ.

ಬೇಜಾರಲ್ಲ. ನಿನ್ನೆ ಜಡೆ ಹಾಕುವಾಗ ಮಗಳು "ಒಂದು ವಿಷಯ ಕೇಳಿದ್ರೆ ಅಪ್ಪಂಗೆ ನೋವಾಗುತ್ತಾ ಅಮ್ಮ?" ಎಂದಿರುತ್ತಾಳೆ. "ಏನು ವಿಷಯ ಪುಟ್ಟಿ?" ಎಂದಾಗ "ಏನಿಲ್ಲ, ಜೋರಾಗಿ ಎಳೀಬೇಡ" ಎಂದಿರುತ್ತಾಳೆ. ಈ ಕಚೇರಿ ಮತ್ತೆ ಕೇಳಲಿಲ್ಲ. ಆ ಪ್ರಶ್ನೆ ಈ ಕಚೇರಿಯದಲ್ಲ.

10. ಆದ್ದರಿಂದ, ಈ ಮನೆಯಲ್ಲಿ ಪ್ರಶ್ನೆ ಕೇಳಲು ನಮೂನೆ, ಅನುಮತಿ, ಒಳ್ಳೆಯ ಹೊತ್ತು ಇವ್ಯಾವುವೂ ಬೇಕಿಲ್ಲವೆಂದು ಸ್ಪಷ್ಟಪಡಿಸಲಾಗಿದೆ. ನೋವಾಗುವ ಪ್ರಶ್ನೆಯನ್ನೂ ಕೇಳಬಹುದು. ಮಗಳು ಬಂದು ನಿಂತಾಗ ಸಂಗ್ರಾಹಕರು ಕೈಯಲ್ಲಿರುವುದನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಪೂರ್ತಿ ಕೇಳಿಸಿಕೊಳ್ಳತಕ್ಕದ್ದು. ಉತ್ತರ ಗೊತ್ತಿಲ್ಲದಿದ್ದಲ್ಲಿ "ಗೊತ್ತಿಲ್ಲ" ಎನ್ನತಕ್ಕದ್ದು. ಸ್ಪ್ರಿಂಗಿನ ಬಗ್ಗೆ ಹೇಳತಕ್ಕದ್ದಲ್ಲ.

ಈ ಸುತ್ತೋಲೆ ಓದಿದ ಕ್ಷಣದಿಂದ ಜಾರಿಗೆ ಬರುತ್ತದೆ.

ಸಹಿ/-
(ಕೈ ಒದ್ದೆ ಇರುವುದರಿಂದ ಅಕ್ಷರ ಹರಡಿದೆ)
ಮೇಲ್ವಿಚಾರಕಿ
ಅಡುಗೆ, ಬಟ್ಟೆ, ಹೋಂವರ್ಕ್ ಮತ್ತು ಇತರೆ

ಪ್ರತಿಗಳು:

1. ಸಂಗ್ರಾಹಕರಿಗೆ, ಸೂಕ್ತ ಕ್ರಮಕ್ಕಾಗಿ. ಎಣ್ಣೆ ಒರೆಸಲು ಬಾರದಂತೆ ಪ್ಲಾಸ್ಟಿಕ್ ಹೊದಿಸಿದೆ.

2. ಅತ್ತೆಯವರಿಗೆ, ದಪ್ಪ ಅಕ್ಷರದಲ್ಲಿ. ಕಾಲು ಕೆಳಗಿಳಿಸಬಹುದು.

3. ಯಂತ್ರ ರಿಪೇರಿ ಮಾಡುವವರಿಗೆ, ಇದು ಮೂರನೇ ಸ್ಕ್ರೂ ಎಂಬ ಮಾಹಿತಿಗಾಗಿ.

4. ಗಾಜಿನ ಬೀರುವಿಗೆ, ಒಳಗಡೆ ಅಂಟಿಸಲು.

5. ಮಗಳಿಗೆ, ಖುದ್ದು ಕೈಯಲ್ಲಿ. ಸ್ವೀಕೃತಿ ಷರಾ: ಮಗಳು ಹತ್ತನೇ ಕಲಮಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು. ಸಹಿ ಹಾಕಲಿಲ್ಲ. ನೇರವಾಗಿ ಮೇಜಿನ ಬಳಿ ಹೋಗಿ, ತಂದೆ ಒರೆಸುವ ಬಟ್ಟೆ ಕೆಳಗಿಟ್ಟು ಕನ್ನಡಕ ತೆಗೆಯುವವರೆಗೂ ಕಾದು ನಿಂತು, ಈ ಕೆಳಗಿನಂತೆ ಕೇಳಿರುತ್ತಾಳೆ:

"ಅಪ್ಪಾ, ಹಿಡ್ಕೊಂಡಿದ್ದೋರು ಯಾರು ಅಂತ ಎಲ್ಲಾ ಚೀಟೀಲೂ ಬರ್ದಿದೀಯ. ಎದುರಿಗೆ ನಿಂತಿದ್ದೋರು ಯಾರು?"