ಗಿರಣಿಯೊಳಗೆ ಹದಿನಾರು ಸಾಲು

ಇಷ್ಟವಾದ ಕವನವನ್ನು ತಾವೊಬ್ಬರೇ ಓದಿ ಸುಮ್ಮನಿರುವವರೂ ಇದ್ದಾರಂತೆ. ಆ ಸಂಯಮ ನನಗಿಲ್ಲ. ಕುಬಿಹಾಳದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಒಂದು ಸಂಜೆ ಕುಂದಗೋಳದ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಕಟ್ಟಿಕೊಟ್ಟ ಹಾಳೆಯಲ್ಲಿ ಹದಿನಾರು ಸಾಲಿನ ಕವನವೊಂದು ಸಿಕ್ಕಿತು. ಎರೆಹೊಲದ ನಡುವೆ ಒಂಟಿಯಾಗಿ ನಿಂತ ಬೇವಿನ ಮರದ ಮೇಲೆ ಬರೆದದ್ದು. ಕವಿಯ ಹೆಸರಿದ್ದ ಜಾಗವನ್ನು ಎಣ್ಣೆ ನುಂಗಿತ್ತು. ಮಿರ್ಚಿ ಆರಿದರೂ ಆರಲಿ ಎಂದು ನಿಂತಲ್ಲೇ ಬಾಯಿಪಾಠ ಮಾಡಿದೆ. ಇಡೀ ಊರಿಗೆ ಇದನ್ನು ಕೇಳಿಸಿಯೇ ತೀರುತ್ತೇನೆ ಎಂದು ಆಗಲೇ ನಿರ್ಧಾರವಾಯಿತು.

ನಿರ್ಧಾರಕ್ಕೆ ಅಡ್ಡ ಬಂದದ್ದು ನನ್ನದೇ ಗಿರಣಿ. ಅದರ ಸದ್ದಿನಲ್ಲಿ ಕೂಗಿ ಹೇಳಿದರೆ ಜನ, "ಏನ್ರಿ, ಬೆಲ್ಟ್ ಹರೀತೇನ್ರಿ?" ಎಂದು ಗಾಬರಿಯಾಗುತ್ತಿದ್ದರು. ಅದಕ್ಕೇ ಮಷಿನ್ ನಿಲ್ಲಿಸಿ ಹೇಳತೊಡಗಿದೆ. ಅರ್ಧ ಬೀಸಿದ ಜೋಳ ಬಿಟ್ಟು ಯಾರು ತಾನೇ ಎದ್ದು ಹೋದಾರು ಎಂಬ ಧೈರ್ಯ ನನಗೆ. ಎರಡು ವಾರದಲ್ಲಿ ಜನ ಆಚೆ ಓಣಿಯ ಗಿರಣಿಯ ದಾರಿ ಹಿಡಿದರು. ಹೆಂಡತಿ ಶಾಂತವ್ವ, "ಆ ಮರ ಹೊಲದಾಗ ಒಂಟಿ ನಿಂತಿತ್ತಲ್ರಿ, ಹಂಗ ನೀವೂ ಗಿರಣ್ಯಾಗ ಒಬ್ರ ನಿಂದರ್ತೀರಿ ನೋಡ್ರಿ" ಎಂದಳು. ಕವನ ಇವಳಿಗಾದರೂ ತಟ್ಟಿತಲ್ಲ ಎಂದು ನಾನು ಹಿಗ್ಗಿದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಇನ್ನೂ ನನ್ನ ಗಿರಣಿ ಬಿಡದ ಐದಾರು ಹೆಂಗಸರು ಬುಟ್ಟಿ ಹಿಡಿದು ಒಳಗಿದ್ದರು. ಶಾಂತವ್ವನೂ ಬಂದು ಕೂತಿದ್ದಳು. ಇಂಥ ಸಭೆ ಮತ್ತೆ ಸಿಗುತ್ತದೆಯೇ? ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಎಪ್ಪತ್ತು ದಾಟಿದ ಗಂಗವ್ವ ಕೈ ಅಡ್ಡ ಹಿಡಿದಳು.

"ತಡೀಪಾ. ನಿಂದು ನಮಗೆಲ್ಲಾ ಬಾಯಿಪಾಠ ಆಗೇತಿ. ಇವತ್ತ ನಂದೊಂದು ಕೇಳು."

ಗೋಡೆಗೆ ಒರಗಿ ಹಾಡತೊಡಗಿದಳು. ಹಿಂದೆ ಮನೆಯಲ್ಲಿ ಬೀಸುವಾಗ ಹೇಳುತ್ತಿದ್ದ ಪದ. ತವರಿನ ದಾರಿ, ಕರೆಯಲು ಬಾರದ ತಮ್ಮ. ಹತ್ತು ನುಡಿಯಾಯಿತು, ಇಪ್ಪತ್ತಾಯಿತು. ಅವಳ ಬಲಗೈ ಇಲ್ಲದ ಬೀಸುಕಲ್ಲಿನ ಗೂಟ ಹಿಡಿದು ಗಾಳಿಯಲ್ಲಿ ತಿರುಗುತ್ತಿತ್ತು. ಬಲ್ಬು ಹೊತ್ತಿಕೊಂಡಿತು. ನನ್ನ ಸರದಿ ತಪ್ಪಿದ ಸಿಟ್ಟಿಗೋ ಏನೋ, ಸ್ವಿಚ್ಚಿನತ್ತ ಹೆಜ್ಜೆ ಇಟ್ಟೆ.

"ಸುಮ್ನ ಕುಂದರ್ರಿ!" ಎಂದಳು ಶಾಂತವ್ವ. ಕುಳಿತೆ.

ಪದ ಮುಗಿದಾಗ ಯಾರೂ ಬುಟ್ಟಿ ಮುಟ್ಟಲಿಲ್ಲ. "ಆಯೀ, ಇಷ್ಟ ದಿನಾ ಇದನ್ನ ಯಾಕ ಹಾಡಲಿಲ್ಲ?" ಎಂದೆ.

"ನಿನ್ನ ಗಿರಣಿ ಬಂತಲ್ಲೋ, ಬೀಸೂದು ನಿಂತ್ತು. ಬರೇ ಕುಂತು ಹಾಡಿದ್ರ ಯಾರ ಕೇಳ್ತಾರ?"

ಈಗ ಪ್ರತಿ ಬುಧವಾರ ಮಧ್ಯಾಹ್ನ ಅರ್ಧ ತಾಸು ಮಷಿನ್ ಬಂದ್ ಮಾಡುತ್ತೇನೆ. ಆಚೆ ಓಣಿಗೆ ಹೋದವರೂ ಬರುತ್ತಾರೆ, ಜೋಳವಿಲ್ಲದೆ. ನನಗೂ ಒಂದು ಸರದಿ ಇದೆಯಂತೆ, ಗಂಗವ್ವನ ಪದಗಳೆಲ್ಲ ಮುಗಿದ ಮೇಲೆ.